ಮಣ್ಣು ಮುಸುಕಿದ ಸೊಪ್ಪು

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಸೊಪ್ಪು ತರಕಾರಿಯ ವಿಷಯವಾಗಿ ಮಾತನಾಡಲು ಕುಳಿತರೆ ಕೇಳುವವರು ಹುಬ್ಬೇರಿಸುವುದು ಸಹಜ. ಚರಿತ್ರೆಯೆಂದರೆ ಅರಸರ ವಂಶಾವಳಿ, ದಂಡಯಾತ್ರೆ, ದಾನಶಾಸನ ಎಂದೇ ನಾವು ಓದಿದವರು, ಓದಿಸಿದವರು. ಆದರೆ ಶಾಸನದ ಕಲ್ಲಿಗಿಂತ ಗೊಬ್ಬರದ ತಿಪ್ಪೆಯೂ ಧಾನ್ಯದ ಹಗೇವೂ ಮನುಷ್ಯನ ಬಾಳಿಗೆ ಹೆಚ್ಚು ಸಮೀಪವಾದವು ಎಂಬ ಅರಿವು ನನಗೆ ತಡವಾಗಿ ಬಂದಿತು. ಅದು ಬಂದದ್ದು ಒಂದು ಜೊತೆ ಪಾದರಕ್ಷೆಯನ್ನು ನೋಡಿದಾಗ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಅಮೆರಿಕದ ಮಿಚಿಗನ್ ರಾಜ್ಯಕ್ಕೆ ಹೋಗಿದ್ದೆ. ಅಲ್ಲಿ ಕಲಮಜೂ ಎಂಬ ಊರಿದೆ. ಅದರ ಪಕ್ಕದ ಪೋರ್ಟೇಜ್ ಪಟ್ಟಣದಲ್ಲಿ ಹಳ್ಳದ ದಂಡೆಯ ಒಂದು ಉದ್ಯಾನಕ್ಕೆ ‘ಸೆಲರಿ ಫ್ಲಾಟ್ಸ್’, ಎಂದರೆ ಸೆಲರಿಯ ಬಯಲು, ಎಂದು ಹೆಸರು. ಆ ಸೀಮೆಯ ಹಳೆಯ ಬೇಸಾಯದ ಸಾಮಾನುಗಳ ನಡುವೆ ಅಗಲವಾದ ಮರದ ಹಲಗೆಗಳಿಗೆ ಕಬ್ಬಿಣದ ಪಟ್ಟಿ ಬಿಗಿದ ವಿಚಿತ್ರ ವಸ್ತುವೊಂದು ಕಂಡಿತು. ಮಣೆಯೂ ಅಲ್ಲ, ಪಾದುಕೆಯೂ ಅಲ್ಲ. “ಅಪ್ಪಾ, ಅದು ಕುದುರೆಯ ಮೆಟ್ಟು” ಎಂದಳು ಮಗಳು. ಜೌಗು ಮಣ್ಣಿನಲ್ಲಿ ಕುದುರೆಯ ಕಾಲು ಹೂತುಹೋಗದಿರಲೆಂದು ಅದರ ಗೊರಸಿಗೆ ಮರದ ಅಗಲ ಮೆಟ್ಟನ್ನು ಕಟ್ಟುತ್ತಿದ್ದರಂತೆ. ಕುದುರೆ ನಿಲ್ಲಲಾರದ ನೆಲದಲ್ಲಿ ಬೇಸಾಯ ಮಾಡಹೊರಟವರು ಯಾರು, ಅವರು ಬೆಳೆದ ಸೊಪ್ಪಾದರೂ ಎಂಥದು ಎಂಬ ಕುತೂಹಲ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಸೆಲರಿಗೆ ನಮ್ಮಲ್ಲಿ ಮನೆಮಾತಿನ ಹೆಸರಿಲ್ಲ. ನಿಘಂಟುಗಳು ಅಜಮೋದವೆಂದು ಅರ್ಥ ಕೊಡುವುದುಂಟು. ಆಡಿಗೆ ಮೋದವನ್ನುಂಟುಮಾಡುವುದು ಎಂದು ಆ ಪದವನ್ನು ಬಿಡಿಸಬಹುದು. ಆದರೆ ವೈದ್ಯಗ್ರಂಥಗಳ ಅಜಮೋದ ಯಾವ ಗಿಡವೆಂಬುದರಲ್ಲಿ ಸಸ್ಯಶಾಸ್ತ್ರಜ್ಞರಿಗೆ ಒಮ್ಮತವಿಲ್ಲ. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ, ಗಜ್ಜರಿ ಎಲ್ಲವೂ ಇದರ ದಾಯಾದಿಗಳು. ಪಂಜಾಬಿನ ಅಮೃತಸರದ ಸುತ್ತ ಇದನ್ನು ಬಹಳವಾಗಿ ಬೆಳೆಯುತ್ತಾರೆ. ಆದರೆ ಬೀಜಕ್ಕಾಗಿ, ಸಂಬಾರ ಪದಾರ್ಥವಾಗಿ. ದಂಟಿಗಾಗಿ ಬೆಳೆಯುವುದೇ ಬೇರೆ ವಿದ್ಯೆ. ನಾನು ಹೇಳಹೊರಟಿರುವುದು ಆ ವಿದ್ಯೆಯ ಕಥೆ.

ಮೂಲತಃ ಇದು ಕಡಲಂಚಿನ ಉಪ್ಪು ಜೌಗಿನಲ್ಲಿ ತಾನಾಗಿ ಬೆಳೆಯುವ ಕಹಿ ಸೊಪ್ಪು. ಪ್ರಾಚೀನ ಗ್ರೀಕರು ಇದನ್ನು ಸೆಲಿನಾನ್ ಎಂದರು. ಸಿಸಿಲಿ ದ್ವೀಪದಲ್ಲಿ ಅವರು ಕಟ್ಟಿದ ಒಂದು ನಗರಕ್ಕೆ ಈ ಗಿಡದಿಂದಲೇ ಸೆಲಿನಸ್ ಎಂದು ಹೆಸರಾಯಿತು. ಅಲ್ಲಿಯ ನಾಣ್ಯಗಳ ಮೇಲೆ ಇದರ ಎಲೆ ಅಚ್ಚಾಗಿದೆ. ಕ್ರಿ.ಪೂ. 409ರಲ್ಲಿ ಕಾರ್ತೇಜಿನವರು ಆ ನಗರವನ್ನು ಹಾಳುಗೆಡವಿದರು. ಎಲೆ ನಾಣ್ಯದಲ್ಲಿ ಉಳಿಯಿತು. ನೆಮಿಯಾದ ಕ್ರೀಡೋತ್ಸವದಲ್ಲಿ ಗೆದ್ದವನ ತಲೆಗೆ ಇದೇ ಸೊಪ್ಪಿನ ಮುಕುಟ. ಸತ್ತವನ ಗೋರಿಗೂ ಇದೇ ಸೊಪ್ಪಿನ ಮಾಲೆ. ಪ್ಲುಟಾರ್ಕ್ ಹೇಳುವ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಕ್ರಿ.ಪೂ. 4ನೆಯ ಶತಮಾನದಲ್ಲಿ ಟಿಮೋಲಿಯಾನ್ ಎಂಬ ದಳಪತಿ ಸಿಸಿಲಿಯಲ್ಲಿ ಕಾರ್ತೇಜಿನವರ ಮೇಲೆ ದಂಡೆತ್ತಿ ಹೋಗುವಾಗ ಈ ಸೊಪ್ಪನ್ನು ಹೇರಿಕೊಂಡ ಹೇಸರಗತ್ತೆಗಳು ಎದುರಾದುವು. ಗೋರಿಯ ಸೊಪ್ಪು ಎದುರಾಯಿತೆಂದು ಸೈನಿಕರ ಎದೆ ಕುಸಿಯಿತು. ಸಾಯುವ ಸ್ಥಿತಿಯಲ್ಲಿರುವವನನ್ನು ಕುರಿತು ಇನ್ನು ಇವನಿಗೆ ಬೇಕಾದದ್ದು ಸೆಲಿನಾನ್ ಒಂದೇ ಎನ್ನುವ ಗಾದೆ ಅವರಲ್ಲಿತ್ತು. ದಳಪತಿ ಚತುರ. ಯುದ್ಧಕ್ಕೆ ಮುಂಚೆಯೇ ಗೆಲುವಿನ ಮುಕುಟ ನಮ್ಮನ್ನು ಹುಡುಕಿಕೊಂಡು ಬಂದಿದೆ ಎಂಬರ್ಥದ ಮಾತಾಡಿ, ಆ ಸೊಪ್ಪನ್ನೇ ಹೆಣೆದು ತಲೆಗಿಟ್ಟುಕೊಂಡ, ಸೈನ್ಯವೂ ಹಾಗೆಯೇ ಮಾಡಿತು, ಗೆದ್ದಿತು. ಶಕುನವೆನ್ನುವುದು ಸೊಪ್ಪಿನಲ್ಲಿರುವುದಿಲ್ಲವಷ್ಟೆ.

ಈ ಕಹಿ ಕಾಡುಸೊಪ್ಪನ್ನು ತಿನ್ನುವ ದಂಟಾಗಿ ಪಳಗಿಸಿದವರು ಇಟಲಿಯ ತೋಟಿಗರೆಂದು ಹೇಳುತ್ತಾರೆ. 1699ರಲ್ಲಿ ಅಸಿಟೇರಿಯ ಎಂಬ ಸೊಪ್ಪುಗಳ ಗ್ರಂಥವನ್ನು ಬರೆದ ಇಂಗ್ಲೆಂಡಿನ ಜಾನ್ ಎವೆಲಿನ್ ಇದನ್ನು ತನ್ನ ನಾಡಿಗೆ ಹೊಸಬನೆಂದೇ ಪರಿಚಯಿಸುತ್ತಾನೆ. ಪಳಗಿಸಿದ ಉಪಾಯ ಸರಳ: ಗಿಡ ಬೆಳೆದಂತೆಲ್ಲ ಬುಡಕ್ಕೆ ಮಣ್ಣೇರಿಸುತ್ತ ಹೋಗುವುದು. ಬೆಳಕು ತಾಕದ ದಂಟು ಹಸಿರು ಕಳೆದುಕೊಂಡು ಬೆಳ್ಳಗಾಗುತ್ತದೆ; ಕಹಿಯೂ ನಾರೂ ತಗ್ಗಿ ಎಳಸಾಗುತ್ತದೆ. ಗಿಡದ ಮಟ್ಟಿಗೆ ಇದೊಂದು ಶಿಕ್ಷೆಯೇ. ಸೂರ್ಯನಿಂದ ಬದುಕುವ ಜೀವವನ್ನು ಸೂರ್ಯನಿಂದ ಮರೆಮಾಡಿ ಅದರ ಪಾಂಡುರೋಗವನ್ನು ನಾವು ರುಚಿಯೆನ್ನುತ್ತೇವೆ.

ಇನ್ನು ಕಲಮಜೂವಿಗೆ ಬರೋಣ. 1856ರಲ್ಲಿ ಟೇಲರ್ ಎಂಬ ಸ್ಕಾಟ್‌ಲೆಂಡಿನವನು ಅಲ್ಲಿ ಮೊದಲು ಸೆಲರಿ ಬೆಳೆದನಂತೆ. ಊರಿನ ಬರ್ಡಿಕ್ ಹೋಟೆಲಿನ ಊಟದ ಮೇಜಿನ ಮೇಲೆ ಅದನ್ನು ಕಂಡ ಅತಿಥಿಗಳು ವಿಚಿತ್ರವೆಂದು ನೋಡಿದರಂತೆ. ಅಷ್ಟರಲ್ಲೇ ಕಥೆ ಮುಗಿದುಹೋಗಬಹುದಿತ್ತು. ಆದರೆ 1840ರ ದಶಕದಿಂದಲೇ ನೆದರ್ಲೆಂಡ್ಸಿನಿಂದ ಡಚ್ಚರು ಮಿಚಿಗನ್ನಿಗೆ ವಲಸೆ ಬರತೊಡಗಿದ್ದರು. ಅಲ್ಲಿಯ ಸರ್ಕಾರಿ ಚರ್ಚಿನೊಡನೆ ವಿರಸ, ಆಲೂಗಡ್ಡೆಗೆ ಬಿದ್ದ ರೋಗ, ಬಡತನ ಇವೆಲ್ಲ ಅವರನ್ನು ಹೊರಡಿಸಿದುವು. 1847ರಲ್ಲಿ ಪಾದ್ರಿ ವಾನ್ ರಾಲ್ಟ್ ತನ್ನವರೊಡನೆ ಮಿಚಿಗನ್ ಸರೋವರದ ಬಳಿ ಹಾಲೆಂಡ್ ಎಂಬ ಊರನ್ನೇ ಕಟ್ಟಿದ. 1860ರ ದಶಕದಲ್ಲಿ ಕಲಮಜೂವಿಗೆ ಬಂದ ಕಾರ್ನೀಲಿಯಸ್ ಡಿ ಬ್ರುಯ್ನ್ ಎಂಬ ಡಚ್ ತೋಟಿಗ ಸಾರಿಗೆ ಹಾಕುವ ಸೆಲರಿಯಿಂದ ಹಸಿಯಾಗಿಯೇ ತಿನ್ನಬಹುದಾದ ದಪ್ಪ ದಂಟಿನ ಸೆಲರಿಯನ್ನು ಬೆಳೆಸಿದ ಕೀರ್ತಿಗೆ ಪಾತ್ರನಾಗಿದ್ದಾನೆ. ಊರಿನ ಒಳ್ಳೆಯ ಹೊಲಗಳೆಲ್ಲ ಮೊದಲು ಬಂದವರ ಪಾಲಾಗಿದ್ದುವು. ಉಳಿದದ್ದು ಯಾರಿಗೂ ಬೇಡವಾದ ಜೌಗು. ಸೊಳ್ಳೆಯ ತವರು, ಜ್ವರದ ಮೂಲ. ಆದರೆ ಸಮುದ್ರದಿಂದಲೇ ನೆಲವನ್ನು ಕಿತ್ತುಕೊಂಡ ನಾಡಿನವರಿಗೆ ಜೌಗೊಂದು ಲೆಕ್ಕವೇ? ಕಾಲುವೆ ತೋಡಿ ನೀರು ಬಸಿದರು. ಕೆಳಗಿನಿಂದ ಕಪ್ಪನೆಯ ಮಣ್ಣು ಹೊರಬಂದಿತು: ಸಾವಿರಾರು ವರ್ಷ ನೀರಿನಲ್ಲಿ ಜೊಂಡು ಕೊಳೆತು ಆದ ಮಣ್ಣು, ಕೈಗೆತ್ತಿಕೊಂಡರೆ ಬೂದಿಯಷ್ಟು ಹಗುರ.

ಸೆಲರಿ ಎಂಥ ಹಟಮಾರಿ ಬೆಳೆ ಎಂಬುದನ್ನು ಬಲ್ಲವರಿಗೆ ಮಾತ್ರ ಆ ಜನರ ಸಾಹಸ ಅರ್ಥವಾದೀತು. ಬೀಜ ರಾಗಿಗಿಂತಲೂ ಸಣ್ಣದು, ಒಂದು ಗ್ರಾಮಿಗೆ ಸುಮಾರು 2500 ಕಾಳು. ಮೇಲೆ ಮಣ್ಣು ಹೆಚ್ಚಾದರೆ ಮೊಳೆಯದು, ಒಣಗಿದರೆ ಸಾಯುತ್ತದೆ, ಮೊಳೆಯಲು ಎರಡು ಮೂರು ವಾರ. ಸಸಿಮಡಿಯಿಂದ ಕಿತ್ತು ನೆಡುವಾಗ ಮನೆಮಂದಿಯೆಲ್ಲ, ಮಕ್ಕಳೂ ಸೇರಿ, ಮೊಣಕಾಲೂರಿ ಸಾಲು ಹಿಡಿದು ತೆವಳಬೇಕು. ಬೇರು ಆಳಕ್ಕಿಳಿಯದ ಗಿಡವಾದ್ದರಿಂದ ನೀರೂ ಗೊಬ್ಬರವೂ ಸದಾ ಮೇಲ್ಮಣ್ಣಿನಲ್ಲೇ ಸಿದ್ಧವಾಗಿರಬೇಕು. ಒಂದು ವಾರ ಹಸಿವೆಯಾಯಿತೆಂದರೆ ದಂಟು ಒಳಗೇ ಬೆಂಡಾಗುತ್ತದೆ. ಹೊಟ್ಟೆಬಾಕ ಬೆಳೆ.

ಈ ಹೊಟ್ಟೆಯನ್ನು ಅವರು ತುಂಬಿದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದ ತೋಟಗಾರಿಕೆಯೆಲ್ಲ ಕುದುರೆಯ ಲದ್ದಿಯ ಮೇಲೆ ನಿಂತಿತ್ತು ಎಂದರೆ ಅತಿಶಯೋಕ್ತಿಯಲ್ಲ. ಪಟ್ಟಣಗಳಲ್ಲಿ ಗಾಡಿ, ಟ್ರಾಂ, ಸಾಮಾನು ಬಂಡಿ ಎಲ್ಲವನ್ನೂ ಎಳೆಯುತ್ತಿದ್ದದ್ದು ಕುದುರೆ. ಪಟ್ಟಣಕ್ಕೆ ಸೊಪ್ಪು ಹೊತ್ತ ಬಂಡಿ ಬರಿದೆ ಹಿಂದಿರುಗದೆ ಲಾಯದ ಲದ್ದಿಯನ್ನು ತುಂಬಿಕೊಂಡು ತೋಟಕ್ಕೆ ಬರುತ್ತಿತ್ತು. ಪಟ್ಟಣ ಉಂಡದ್ದನ್ನು ತೋಟಕ್ಕೆ ಮರಳಿಸುವ ಚಕ್ರವೊಂದು ಯಾರೂ ಯೋಜಿಸದೆ ತಾನಾಗಿ ತಿರುಗುತ್ತಿತ್ತು. ನ್ಯೂಯಾರ್ಕಿನ ಎದುರುದಡದ ಜರ್ಸಿ ಸಿಟಿಯಲ್ಲಿ ತೋಟ ಮಾಡಿ, 1867ರಲ್ಲಿ ಲಾಭಕ್ಕಾಗಿ ತೋಟಗಾರಿಕೆ ಎಂಬರ್ಥದ ಹೆಸರಿನ ಪುಸ್ತಕ ಪ್ರಕಟಿಸಿದ ಪೀಟರ್ ಹೆಂಡರ್ಸನ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ಗೊಬ್ಬರಕ್ಕೆ ಕೈ ಹಿಡಿದವನು ತೋಟಕ್ಕೆ ಕೈ ಹಾಕಬಾರದೆಂಬುದು ಅವನ ನಿಲುವು. ಎಕರೆಗೆ ಹತ್ತಾರು ಟನ್ ಕಳಿತ ಲದ್ದಿ, ಅದು ಸಿಗದಾಗ ಪೆರುವಿನ ದ್ವೀಪಗಳಿಂದ ಹಡಗಿನಲ್ಲಿ ಬಂದ ಕಡಲಹಕ್ಕಿಯ ಹಿಕ್ಕೆ. ಇಷ್ಟರ ಮೇಲೆ ಸೆಲರಿಗೆ ಅಡಿಗೆ ಉಪ್ಪನ್ನೂ ಎರಚುವ ಪದ್ಧತಿ ಇತ್ತು. ಉಪ್ಪು ಹಾಕಿದ ನೆಲ ಹಾಳಾಗುವುದೆಂದು ಕೇಳಿ ಬೆಳೆದ ನನಗೆ ಇದು ಸೋಜಿಗವೆನಿಸಿತು. ಆದರೆ ಕಡಲಂಚಿನಲ್ಲಿ ಹುಟ್ಟಿದ ಗಿಡ ತನ್ನ ತವರಿನ ರುಚಿಯನ್ನು ಮರೆತಿಲ್ಲ. ಸೋಡಿಯಂ ಒದಗಿದರೆ ಸೆಲರಿ ಸೊಂಪಾಗುತ್ತದೆಂದು ಮುಂದೆ ಪ್ರಯೋಗಶಾಲೆಯವರೂ ಒಪ್ಪಿಕೊಂಡರು.

ಜೌಗಿನ ಕಪ್ಪು ಮಣ್ಣಿಗೆ ಒಂದು ಗುಟ್ಟಿನ ಬಡತನವಿದೆ. ಸಾರಜನಕದ ಭಂಡಾರವೇನೋ ಅದರಲ್ಲಿದೆ. ವಸಂತದ ಚಳಿಯಲ್ಲಿ ಆ ಭಂಡಾರದ ಬಾಗಿಲು ತೆರೆಯದು ಅಷ್ಟೆ. ಪೊಟ್ಯಾಷ್ ಮಾತ್ರ ತೀರ ಕಡಮೆ. ಕೊಳೆತ ಜೊಂಡಿನಿಂದ ನೀರು ಅದನ್ನು ಎಂದೋ ತೊಳೆದುಕೊಂಡು ಹೋಗಿರುತ್ತದೆ. ಆದ್ದರಿಂದ ಜೌಗಿನ ಬೇಸಾಯ ಬೆಳೆದಂತೆ ಅಮೆರಿಕದ ರೈತ ಜರ್ಮನಿಯ ಗಣಿಗಳ ಪೊಟ್ಯಾಷಿಗೆ ಅಡಿಯಾಳಾದ. 1914ರಲ್ಲಿ ಮಹಾಯುದ್ಧ ಮೊದಲಾಗಿ ಆ ಸರಬರಾಜು ನಿಂತಾಗ ಪೊಟ್ಯಾಷಿನ ಬೆಲೆ ಹಲವು ಪಟ್ಟು ಏರಿತು. ಯೂರೋಪಿನ ಯಾವುದೋ ಕಂದಕದಲ್ಲಿ ಹಾರಿದ ಗುಂಡು ಮಿಚಿಗನ್ನಿನ ಸೊಪ್ಪಿನ ಸಾಲಿಗೆ ತಾಗಿದ್ದು ಹೀಗೆ. ಇನ್ನೊಂದು ಒಗಟನ್ನು 1930ರ ದಶಕದಲ್ಲಿ ಫ್ಲಾರಿಡದಲ್ಲಿ ಬಿಡಿಸಿದರು. ಗೊಬ್ಬರವನ್ನು ಎಷ್ಟು ಸುರಿದರೂ ದಂಟುಗಳು ಅಡ್ಡಡ್ಡ ಸೀಳಿ ಕಂದುಗಟ್ಟುತ್ತಿದ್ದುವು. ಕೊರತೆಯಿದ್ದದ್ದು ಬೋರಾನಿನದು, ಎಕರೆಗೆ ಕೆಲವೇ ಪೌಂಡು ಬೊರಾಕ್ಸ್ ಹಾಕಿದರೆ ಬೇನೆ ಮಾಯ. ಟನ್ನುಗಟ್ಟಲೆ ಉಣಿಸಿದರೂ ಚಿಟಿಕೆಯಷ್ಟರ ಹಸಿವು ಉಳಿದುಬಿಡುತ್ತದೆ.

ಈಗ ಸಂಗ್ರಹಣೆಯ ಮಾತು. ನನ್ನ ಮನಸ್ಸು ಹೆಚ್ಚು ನಿಂತದ್ದು ಇಲ್ಲಿ. ನನ್ನ ಸೋದರಮಾವನ ಊರು ವಿಜಾಪುರ ಸೀಮೆಯದು. ಅಲ್ಲಿ ಜೋಳದ ಹಗೇವು ತೆಗೆಯುವುದನ್ನು ಹುಡುಗನಾಗಿದ್ದಾಗ ನೋಡಿದ್ದೇನೆ. ನೆಲದೊಳಗಿನ ಆ ಗುಂಡಿಗೆ ಒಳಮೈಯೆಲ್ಲ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು. ತೆರೆದ ಕೂಡಲೇ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ವಿಷದ ಗಾಳಿ ಹೋಗಲೆಂದು ಕಾಯುತ್ತಿದ್ದರು. ಹೆಂಡರ್ಸನ್ ವರ್ಣಿಸುವ ಸೆಲರಿಯ ಗುಂಡಿಯನ್ನು ಓದಿದಾಗ ನನಗೆ ಹಗೇವಿನ ನೆನಪಾಯಿತು. ಆದರೆ ಎರಡರ ತತ್ತ್ವ ಬೇರೆ. ಹಗೇವಿನಲ್ಲಿ ಕಾಳು ಗಾಳಿಯಿಲ್ಲದೆ, ಪಸೆಯಿಲ್ಲದೆ ನಿದ್ದೆ ಹೋಗಬೇಕು. ಸೆಲರಿಯ ಗುಂಡಿಯಲ್ಲಿ ಗಿಡ ಜೀವಂತವಾಗಿ, ಎಚ್ಚರವಾಗಿ, ಆದರೆ ಬೆಳೆಯದೆ ಚಳಿಗಾಲ ಕಳೆಯಬೇಕು.

ಕ್ರಮ ಹೀಗೆ. ಬಲವಾದ ಹಿಮ ಬೀಳುವ ಮುಂಚೆ ಗಿಡಗಳನ್ನು ಬೇರುಸಮೇತ ಕೀಳುತ್ತಾರೆ. ನೀರು ನಿಲ್ಲದ ಎಡೆಯಲ್ಲಿ ಒಂದಡಿಗಿಂತ ಅಗಲವಾಗದ, ಗಿಡದ ಎತ್ತರಕ್ಕೆ ಸರಿಯಾದ ಆಳದ, ಉದ್ದನೆಯ ಗುಂಡಿ ತೋಡುತ್ತಾರೆ. ಅದರಲ್ಲಿ ಗಿಡಗಳನ್ನು ನೆಟ್ಟಗೆ, ಒತ್ತಾಗಿ, ನಡುವೆ ಮಣ್ಣಿಲ್ಲದೆ ನಿಲ್ಲಿಸುತ್ತಾರೆ. ಬೇರಿನ ಬುಡ ಒದ್ದೆಯಾಗಿರಬೇಕು, ಎಲೆ ಒಣಗಿರಬೇಕು. ಇದು ತಲೆಕೆಳಗಾದರೆ ಇಡೀ ಗುಂಡಿ ಕೊಳೆತು ನಾರುತ್ತದೆ. ಮೇಲೆ ಹಲಗೆ, ಚಳಿ ಏರಿದಂತೆಲ್ಲ ಅದರ ಮೇಲೆ ಒಣ ಎಲೆ, ಹುಲ್ಲು, ಒರಟು ಗೊಬ್ಬರ. ಈ ಹೊದಿಕೆಯನ್ನು ಒಮ್ಮೆಗೇ ಹೇರುವಂತಿಲ್ಲ. ಮೊದಲೇ ದಪ್ಪವಾಗಿ ಹೊದಿಸಿದರೆ ಒಳಗೆ ಕಾವೇರಿ ಕೊಳೆ. ತಡಮಾಡಿದರೆ ಒಂದೇ ರಾತ್ರಿ ಹಿಮಕ್ಕೆ ಬಲಿ. ನೀರು ಹೆಪ್ಪುಗಟ್ಟುವ ಅಂಚಿನಲ್ಲಿ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ತೇವ ತುಂಬಿದ ಗಾಳಿಯಲ್ಲಿ ಸೆಲರಿಯನ್ನಿಟ್ಟರೆ ಎರಡು ಮೂರು ತಿಂಗಳು ಕೆಡದೆಂದು ಇಂದಿನ ಶೀತಲಗೃಹದ ಶಾಸ್ತ್ರ ಹೇಳುತ್ತದೆ. ಉಷ್ಣಮಾಪಕವನ್ನು ನಂಬದ ಆ ತೋಟಿಗರು ಹುಲ್ಲಿನ ಪದರವನ್ನು ಏರಿಸುತ್ತ ಇಳಿಸುತ್ತ ಅದೇ ಅಂಚಿನ ಮೇಲೆ ಗಿಡವನ್ನು ನಿಲ್ಲಿಸಿದ್ದರು. ಅಷ್ಟೇ ಅಲ್ಲ, ಕತ್ತಲೆಯ ಗುಂಡಿಯಲ್ಲಿದ್ದಾಗಲೇ ದಂಟು ಬೆಳ್ಳಗಾಗುವ ಕೆಲಸವೂ ಸಾಗುತ್ತಿತ್ತು. ಬೇಸಗೆಯಲ್ಲಿ ಬೇರಿಗೆ ಅನ್ನವಾದ ಗೊಬ್ಬರವೇ ಮಾಗಿಯಲ್ಲಿ ತಲೆಗೆ ಕಂಬಳಿ. ಕ್ರಿಸ್‌ಮಸ್ಸಿನ ಹೊತ್ತಿಗೆ ಗುಂಡಿಯನ್ನು ಒಂದು ತುದಿಯಿಂದ ಬಿಚ್ಚಿ, ಮಂಜುಗಡ್ಡೆ ಕಟ್ಟಿದ ನೆಲದೊಳಗಿಂದ ಕೊಕ್ಕರೆಯಷ್ಟು ಬಿಳಿಯ ದಂಟುಗಳನ್ನು ಹೊರತೆಗೆಯುವಾಗ ಅವರಿಗಾಗುತ್ತಿದ್ದ ಹೆಮ್ಮೆಯನ್ನು ನಾನು ಊಹಿಸಬಲ್ಲೆ.

ಹೀಗೆ ಬಂದ ದಂಟಿಗೆ ಬಂದ ಮರ್ಯಾದೆಯಾದರೂ ಎಷ್ಟು! ಸಿರಿವಂತರ ಊಟದ ಮೇಜಿನ ನಡುವೆ ಹೂವಿನಂತೆ ಅದನ್ನು ನಿಲ್ಲಿಸಲೆಂದೇ ಗಾಜಿನ ಹೂದಾನಿಗಳನ್ನು ಮಾಡುತ್ತಿದ್ದರು. ಕಲಮಜೂ ನಿಲ್ದಾಣದಲ್ಲಿ ರೈಲು ನಿಂತರೆ ಹುಡುಗರು ಸೆಲರಿಯ ಕಟ್ಟು ಹಿಡಿದು ಕಿಟಕಿಗಳಿಗೆ ಮುತ್ತುತ್ತಿದ್ದರು. ಶತಮಾನದ ಕೊನೆಯ ಹೊತ್ತಿಗೆ ಆ ಊರಿಗೆ ‘ಸೆಲರಿ ನಗರ’ವೆಂದೇ ಬಿರುದು. ನರದೌರ್ಬಲ್ಯಕ್ಕೆ ಇದೇ ದಿವ್ಯೌಷಧವೆಂದು ಶೀಸೆಗಳಲ್ಲಿ ಮಾರುವವರೂ ಹುಟ್ಟಿಕೊಂಡರು. ಪೇನ್ಸ್ ಸೆಲರಿ ಕಾಂಪೌಂಡ್ ಎಂಬುದೊಂದು ದೇಶದಲ್ಲೆಲ್ಲ ಹೆಸರು ಮಾಡಿತು. ಅದರಲ್ಲಿ ಸೆಲರಿಯ ಜೊತೆಗೆ ಮದ್ಯಸಾರವೂ ಸಾಕಷ್ಟಿದ್ದುದರಿಂದ ಕುಡಿದವರಿಗೆ ಹಾಯೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬೆಳೆದವರ ಕೈಯನ್ನು ಯಾರೂ ನೋಡಲಿಲ್ಲ. ಮುಂಜಾನೆಯ ಇಬ್ಬನಿಯಲ್ಲಿ ಸೆಲರಿ ಕಿತ್ತವರ ಕೈಗಳ ಮೇಲೆ, ಬಿಸಿಲೇರಿದ ಮೇಲೆ, ಸುಟ್ಟಂಥ ಬೊಕ್ಕೆಗಳು ಏಳುತ್ತಿದ್ದುವು. ಕೊಳೆರೋಗ ತಗಲಿದ ಗಿಡವಾದರಂತೂ ಹೇಳುವಂತಿಲ್ಲ. ಆ ರಸದಲ್ಲಿರುವ ಸೊರಾಲಿನ್ ವರ್ಗದ ವಸ್ತುಗಳು ಚರ್ಮಕ್ಕಂಟಿ ಬಿಸಿಲು ಕಂಡಾಗ ಉರಿಯಾಗುತ್ತವೆಂದು ವೈದ್ಯರು ಸ್ಪಷ್ಟವಾಗಿ ಹೇಳುವ ಹೊತ್ತಿಗೆ 1960ರ ದಶಕ ಬಂದಿತ್ತು. ಅಲ್ಲಿಯವರೆಗೆ ಅದು ಬರಿಯ ‘ಸೆಲರಿ ತುರಿಕೆ’. ಗಿಡವನ್ನು ಬೆಳಕಿನಿಂದ ಮುಚ್ಚಿಟ್ಟವರ ಮೈಗೆ ಬೆಳಕೇ ಹಗೆಯಾದ ಈ ವಿಚಿತ್ರವನ್ನು ಕವಿಯೊಬ್ಬ ಕಲ್ಪಿಸಿದ್ದರೆ ನಾನು ತರಗತಿಯಲ್ಲಿ ಅತಿಯಾಯಿತೆಂದು ಟೀಕಿಸುತ್ತಿದ್ದೆನೋ ಏನೋ.

ಕಲಮಜೂವಿನ ವೈಭವ ಇಳಿದದ್ದಕ್ಕೆ ಕಾರಣಗಳು ಹಲವು. ಕ್ಯಾಲಿಫೋರ್ನಿಯ, ಫ್ಲಾರಿಡಗಳ ಸೆಲರಿ ಮಂಜುಗಡ್ಡೆ ತುಂಬಿದ ರೈಲುಪೆಟ್ಟಿಗೆಗಳಲ್ಲಿ ಮಾಗಿಯಲ್ಲೂ ಬರತೊಡಗಿದ ಮೇಲೆ ಗುಂಡಿಯ ವಿದ್ಯೆಗೆ ಬೆಲೆಯೆಲ್ಲಿ? ವರ್ಷ ವರ್ಷವೂ ಅದೇ ನೆಲದಲ್ಲಿ ಅದೇ ಬೆಳೆಯೆತ್ತಿದ್ದರಿಂದ ಗಿಡವನ್ನು ಹಳದಿಗೊಳಿಸುವ ಸೊರಗು ರೋಗ ಮಣ್ಣಿನಲ್ಲೇ ಮನೆ ಮಾಡಿತು. ಮೋಟಾರು ಬಂದು ಕುದುರೆ ಹೋಯಿತು; ಕುದುರೆಯೊಡನೆ ಲದ್ದಿ ಹೋಯಿತು. ಜನರ ರುಚಿಯೂ ತಿರುಗಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಬಿಳಿಯ ದಂಟಿನ ಬದಲು ಹಸಿರು ದಂಟೇ ಪುಷ್ಟಿಕರವೆಂಬ ಭಾವನೆ ಬೇರೂರಿ, ಮಣ್ಣೇರಿಸುವ, ಹಲಗೆ ನಿಲ್ಲಿಸುವ ಶ್ರಮವೆಲ್ಲ ಅನಾವಶ್ಯಕವಾಯಿತು. ಮೂರು ತಲೆಮಾರು ಕಲಿತ ಕೈಚಳಕ ಒಂದು ತಲೆಮಾರಿನಲ್ಲಿ ಬೇಡವಾಯಿತು.

ಇವೆಲ್ಲಕ್ಕಿಂತ ಆಳದ ಇನ್ನೊಂದು ನಷ್ಟವಿದೆ. ಜೌಗಿನ ಮಣ್ಣು ನೀರಿನಲ್ಲಿ ಮುಳುಗಿರುವಷ್ಟು ಕಾಲ ಮಾತ್ರ ಉಳಿಯುವಂಥದು. ನೀರು ಬಸಿದ ಕೂಡಲೇ ಗಾಳಿ ಒಳಹೊಕ್ಕು, ಸೂಕ್ಷ್ಮಜೀವಿಗಳು ಅದನ್ನು ಉಣ್ಣತೊಡಗುತ್ತವೆ. ಮಣ್ಣು ನಿಧಾನವಾಗಿ ಗಾಳಿಯಾಗುತ್ತದೆ. ಸೆಲರಿಗೆ ಹೆಸರಾದ ಇಂಗ್ಲೆಂಡಿನ ಫೆನ್ ಪ್ರದೇಶದ ಹೋಮ್ ಎಂಬಲ್ಲಿ, 1851ರಲ್ಲಿ ಸರೋವರವೊಂದನ್ನು ಬರಿದು ಮಾಡಿದಾಗ ನೆಲಕ್ಕೊಂದು ಕಬ್ಬಿಣದ ಕಂಬ ಹೂತು ಅದರ ತಲೆಯನ್ನು ನೆಲಮಟ್ಟಕ್ಕೆ ಸರಿಯಾಗಿಟ್ಟರು. ಇಂದು ಆ ಕಂಬ ಸುಮಾರು ನಾಲ್ಕು ಮೀಟರು ಮೇಲೆದ್ದು ನಿಂತಿದೆ. ಕಂಬ ಬೆಳೆಯಲಿಲ್ಲ, ನೆಲ ಇಳಿಯಿತು. ಫ್ಲಾರಿಡದ ಬೆಲ್ ಗ್ಲೇಡ್‌ನಲ್ಲಿ 1924ರಲ್ಲಿ ಕೆಳಗಿನ ಬಂಡೆಯವರೆಗೆ ಇಳಿಸಿದ ಒಂಬತ್ತಡಿಯ ಕಾಂಕ್ರೀಟ್ ಕಂಬವೂ ಆರಡಿಯಷ್ಟು ಹೊರಬಿದ್ದಿದೆ. ಅದೂ ಸೆಲರಿಯ ಸೀಮೆಯೇ. ಲದ್ದಿ, ಹಿಕ್ಕೆ, ಪೊಟ್ಯಾಷ್, ಬೊರಾಕ್ಸ್ ಎಂದು ಮೇಲಿನಿಂದ ಸುರಿಯುತ್ತಿದ್ದವರ ಕಾಲ ಕೆಳಗೇ ಮೂಲಧನ ಕರಗುತ್ತಿತ್ತು. ಫೆನ್ ಪ್ರದೇಶದಲ್ಲಿ ಹಳೆಯ ರೀತಿಯಲ್ಲಿ ಮಣ್ಣೇರಿಸಿ ಬೆಳೆವ ಮಾಗಿಯ ಸೆಲರಿಗೆ 2013ರಲ್ಲಿ ಯೂರೋಪಿನ ಭೌಗೋಳಿಕ ಹೆಸರಿನ ರಕ್ಷಣೆ ದೊರೆಯಿತು. ಹೆಸರಿಗೆ ರಕ್ಷಣೆ ಸಿಕ್ಕಿತು. ನೆಲಕ್ಕೆ ಹಾಗೆ ಕೊಡಬಲ್ಲವರು ಯಾರು?

ಮಗಳ ಊರಿನಲ್ಲಿ ನನಗೆ ಪರಿಚಯವಾದ ಡಚ್ ಮೂಲದ ವೃದ್ಧರೊಬ್ಬರ ಅಜ್ಜ ಕಲಮಜೂವಿನ ಜೌಗಿನಲ್ಲಿ ಸೆಲರಿ ಬೆಳೆದವರು. ಅಜ್ಜನ ಕಾಲದಲ್ಲಿ ಮನೆಯಲ್ಲಿ ಯಾರೂ ಅದನ್ನು ಬಾಯಿಗಿಡುತ್ತಿರಲಿಲ್ಲವಂತೆ. ಅದರ ವಾಸನೆ ಬಟ್ಟೆಯಲ್ಲಿ, ಹಾಸಿಗೆಯಲ್ಲಿ, ಭಾನುವಾರದ ಚರ್ಚಿನ ಬೆಂಚಿನಲ್ಲಿ ಕೂಡ ಇರುತ್ತಿತ್ತಂತೆ. ಸೆಲರಿ ನಿಂತ ಮೇಲೆ ಆ ಸೀಮೆಯ ಅನೇಕರಂತೆ ಇವರ ಮನೆಯವರೂ ಹೂವಿನ ಸಸಿಗಳ ವ್ಯಾಪಾರಕ್ಕಿಳಿದರು. ಅವರ ಗಾಜಿನ ಮನೆಯನ್ನು ನೋಡಲು ಹೋದಾಗ ಸಸಿಯ ಕುಂಡಗಳನ್ನು ಸಾಲಾಗಿಟ್ಟಿದ್ದ ಮೇಜಿನ ಮೇಲ್ಮೈಯನ್ನು ಕೈಯಿಂದ ಸವರಿ ತೋರಿಸಿದರು. ಒಂದಡಿ ಅಗಲದ, ಉದ್ದನೆಯ, ಅಂಚು ಕರಿದಾದ ಹಳೆಯ ಹಲಗೆಗಳು. ಸೆಲರಿಯ ಸಾಲಿನ ಎರಡೂ ಮಗ್ಗುಲಿಗೆ ಬೆಳಕು ತಾಕದಂತೆ ಅಜ್ಜ ನಿಲ್ಲಿಸುತ್ತಿದ್ದ ಹಲಗೆಗಳಂತೆ ಅವು. ಮೇಲೆ ಗಾಜಿನಿಂದ ಬಿಸಿಲು ಸುರಿಯುತ್ತಿತ್ತು; ಹಲಗೆಯ ಮೇಲೆ ಅಷ್ಟುದ್ದಕ್ಕೂ ಹಳದಿ, ನೇರಳೆ ಹೂಗಳ ಎಳೆಯ ಸಸಿಗಳು ನಿಂತಿದ್ದುವು.